ನೀಲಿ ಬೆಂಕಿ, ಅಟ್ಟದ ಕಾಯಿ

"ಹೊಗೆ ಬಿಡಬೇಕಮ್ಮ," ಅಂದರು ತುಮಕೂರಿನ ಡಾಕ್ಟರು, ನನ್ನ ಬೆನ್ನಿನ ಮೇಲಿಂದ ಸ್ಟೆತಾಸ್ಕೋಪು ತೆಗೆಯುತ್ತಾ.

ಬಿಡುವುದಕ್ಕೆ ನಾನೇನು ಬೀಡಿ ಸೇದುತ್ತಿದ್ದೆನೇ? ಕೋಪ ನೆತ್ತಿಗೇರಿತು. ಆದರೆ ಕೋಪ ಮಾಡಿಕೊಳ್ಳುವುದಕ್ಕೂ ಉಸಿರು ಬೇಕಲ್ಲ, ಅದೇ ಇರಲಿಲ್ಲ. ಚೇಳೂರಿನ ನಮ್ಮ ಮನೆಯಲ್ಲಿ ಬೆಳಗಾದರೆ ಒಲೆ, ಮಧ್ಯಾಹ್ನ ಒಲೆ, ಸಂಜೆಗೆ ಮತ್ತೆ ಒಲೆ. ಒಲೆಯ ಬಾಯಿಗೆ ತೋಟದ ಗರಿ, ಮಟ್ಟೆ, ಚಿಪ್ಪು. ಅದರ ಮುಂದೆ ಊದುಗೊಳವೆ ಹಿಡಿದ ಸೊಸೆ. ಇದನ್ನು ಬಿಡಬೇಕಾದರೆ ಮನೆಯನ್ನೇ ಬಿಡಬೇಕು. ಡಾಕ್ಟರು ಅದನ್ನೂ ಹೇಳಿಯೇಬಿಟ್ಟರು. "ಹೀಗೇ ಆದರೆ ಎದೆ ತಡೆಯಲ್ಲ ಕಣ್ರೀ. ಹೊಗೆ ಇಲ್ಲದ ಕಡೆ ಇವರನ್ನ ಇರಿಸಿ," ಎಂದು ನಮ್ಮ ಯಜಮಾನರ ಕಡೆ ನೋಡಿದರು. ಗಂಡನ ಹೆಸರು ಹೇಳಬಾರದಂತೆ. ಹೇಳದೆ ಇದ್ದರೆ ನಿಮಗೆ ತಿಳಿಯುವುದು ಹೇಗೆ? ರೇವಣಸಿದ್ದಯ್ಯ. ಅವರು ಡಾಕ್ಟರ ಮೇಜಿನ ಮೇಲಿದ್ದ ಪೇಪರ್ ವೆಯ್ಟನ್ನು ತಿರುಗಿಸುತ್ತಾ ಕೂತಿದ್ದರು.

ಎಂಬತ್ತೊಂದನೆಯ ಇಸವಿ ಅದು, ನನ್ನ ಮದುವೆಯಾಗಿ ಮೂರು ವರ್ಷ. ಆಸ್ಪತ್ರೆಯಿಂದ ಸೀದಾ ಬಸ್ ಸ್ಟ್ಯಾಂಡಿಗೆ ಹೋದೆವು. ಚೇಳೂರಿಗೆ ಹೋಗಬೇಕಾದರೆ ಗುಬ್ಬಿ ಬಸ್ಸು. ನಮ್ಮವರು ನನ್ನನ್ನು ಕುಣಿಗಲ್ ಬಸ್ಸು ಹತ್ತಿಸಿದರು. ಅಲ್ಲಿ ನನ್ನ ಅಣ್ಣ ಗಂಗಣ್ಣನ ಮನೆ. ಅವನು ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತ, ಅವನ ಮನೆಯಲ್ಲಿ ಸೀಮೆಎಣ್ಣೆಯ ಪಂಪ್ ಸ್ಟೌವು. ಬಸ್ಸು ಹೆಬ್ಬೂರು ದಾಟಿದ ಮೇಲೆ ಅವರು, "ಸ್ವಲ್ಪ ದಿನ ಅಷ್ಟೇ ಕಣೇ," ಅಂದರು. ಅದನ್ನು ಅವರು ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ಗೊತ್ತಾಗಲಿಲ್ಲ.

ಕುಣಿಗಲ್ಲಿನಲ್ಲಿ ಉಸಿರು ವಾಪಸ್ಸು ಬಂತು. ಉಳಿದದ್ದು ಯಾವುದೂ ಬರಲಿಲ್ಲ. ಬೆಳಿಗ್ಗೆ ಕೆರೆ ಏರಿಯ ಮೇಲೆ ಹೋಗಿ ಕೂರುತ್ತಿದ್ದೆ. ಮಂಜು ನೀರಿನ ಮೇಲೆ ಮಲಗಿರುತ್ತಿತ್ತು, ಆಚೆ ದಡವೇ ಇಲ್ಲದ ಹಾಗೆ. ಮನಸ್ಸು ಅಲ್ಲೇ ತೇಲಾಡುತ್ತಾ ಎಷ್ಟೋ ಹೊತ್ತು ಕಳೆಯುತ್ತಿತ್ತು. ನಿದ್ದೆಯಲ್ಲಿ ಮಾತ್ರ ಒಂದೇ ಕನಸು. ಚೇಳೂರಿನ ಮನೆಗೆ ಹೋಗುತ್ತೇನೆ. ಮನೆ ಪೂರ್ತಿ ಹೊಗೆಯಿಂದಲೇ ಮಾಡಿದ್ದು. ಗೋಡೆ, ಕಂಬ, ಬಾಗಿಲು, ನನ್ನ ಅತ್ತೆಯ ಸೀರೆಯ ಸೆರಗು, ಎಲ್ಲಾ ಹೊಗೆ. ಕೈಯಿಟ್ಟರೆ ಕೈ ಒಳಗೇ ಹೋಗುತ್ತದೆ. ಯಾರೋ ಒಳಗಿಂದ ನನ್ನನ್ನು "ಗಂಗಾ" ಅಂತ ಕರೆಯುತ್ತಾರೆ, ನಾನು ಒಳಗೆ ಹೋದಷ್ಟೂ ಮನೆ ಹಿಂದೆ ಸರಿಯುತ್ತದೆ. ಎಚ್ಚರವಾದರೆ ಉಸಿರು ಚೆನ್ನಾಗಿ ಆಡುತ್ತಿರುತ್ತಿತ್ತು, ಅದಕ್ಕೇ ಅಳು ಬರುತ್ತಿತ್ತು. ಅತ್ತಿಗೆ ಒಳ್ಳೆಯವಳು, ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಆದರೆ ಸೀಮೆಎಣ್ಣೆ ರೇಷನ್ನು, ಅದಕ್ಕೆ ಕ್ಯೂ ನಿಲ್ಲಬೇಕು, ಇನ್ನೊಂದು ಬಾಯಿಗೂ ಸೇರಿ ಅದೇ ಸ್ಟೌವು ಉರಿಯಬೇಕು. ಪಕ್ಕದ ಮನೆಯವರು "ಏನಮ್ಮಾ, ಗಂಡನ ಮನೆಗೆ ಯಾವಾಗ?" ಅಂತ ಕೇಳಿದಾಗಲೆಲ್ಲ ಮೈಯುರಿಯುತ್ತಿತ್ತು.

ನಮ್ಮವರು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಒಂದು ಸಲ ಬಂದವರು ಕಾಲು ತೊಳೆಯುವ ಮೊದಲೇ, "ಗಂಗಾ, ಗೋಬರ್ ಗ್ಯಾಸ್," ಅಂದರು.

"ಏನು ಹಂಗಂದ್ರೆ?"

"ಸಗಣೀಲಿ ಬೆಂಕಿ ಬರ್ತದಂತೆ. ಹೊಗೆನೇ ಇರಲ್ವಂತೆ. ಗುಬ್ಬಿಯಿಂದ ಒಬ್ರು ಬಂದಿದ್ರು, ಅಂಜನಮೂರ್ತಿ ಅಂತ. ಊರೂರು ತಿರುಗಿ ಇದನ್ನೇ ಹೇಳ್ತಾರೆ. ಶಿವರಾತ್ರಿ ಆದ್ಮೇಲೆ ನಮ್ಮನೆಗೆ ಬಂದು ಅಪ್ಪಾಜಿ ಹತ್ರ ಮಾತಾಡ್ತಾರಂತೆ. ನೀನೂ ಬಾ. ನೀನಿದ್ರೆ ಅಪ್ಪಾಜಿ ಒಸಿ ಯೋಚ್ನೆ ಮಾಡ್ತಾರೆ."

ಹೋದೆ. ಹಬ್ಬ ಮುಗಿದ ಮಾರನೆಯ ದಿನ ನಮ್ಮ ಮನೆಯ ಜಗಲಿಯ ಮೇಲೆ ಆ ವಾದ ನಡೆಯಿತು. ನಾನು ತಲೆಬಾಗಿಲ ಒಳಗಡೆ ಗೋಡೆಗೆ ಒರಗಿ ಕೂತಿದ್ದೆ. ಅತ್ತೆ ತಿಪ್ಪಮ್ಮನವರು ನನ್ನ ಪಕ್ಕದಲ್ಲಿ ಅಡಕೆ ಕತ್ತರಿಸುತ್ತಾ ಕೆಮ್ಮುತ್ತಿದ್ದರು. ಅವರ ಕೆಮ್ಮು ನಮ್ಮ ಮನೆಯ ಗಡಿಯಾರದ ಸದ್ದಿನ ಹಾಗೆ, ಯಾರ ಕಿವಿಗೂ ಬೀಳುತ್ತಿರಲಿಲ್ಲ.

ನನ್ನ ಮಾವ ಪರಮಶಿವಯ್ಯನವರು ತೆಂಗಿನ ತೋಟದ ಯಜಮಾನರು. ಬಿದ್ದ ಗರಿಯನ್ನೂ ತುಳಿಯದೆ ಎತ್ತಿಡುವ ಮನುಷ್ಯ. ಅವರೇ ಶುರುಮಾಡಿದರು. "ಅಲ್ಲ ಮೂರ್ತಿಗಳೇ, ತೋಟದಲ್ಲಿ ಗರಿ ಬೀಳ್ತದೆ, ಮಟ್ಟೆ ಅದೆ, ಚಿಪ್ಪು ಅದೆ. ಪುಕ್ಕಟೆ ಸೌದೆ. ಪುಕ್ಕಟೆ ಸಿಗೋದನ್ನ ಬಿಟ್ಟು ಬ್ಯಾಂಕಲ್ಲಿ ಸಾಲ ತೆಗೆದು ಸಗಣಿ ಗುಂಡಿ ಕಟ್ಟಿಸು ಅಂತೀರಲ್ಲ, ಇದ್ಯಾವ ನ್ಯಾಯ ಸ್ವಾಮಿ?"

ಅಂಜನಮೂರ್ತಿಗಳು ತೆಳ್ಳಗಿನ ಮನುಷ್ಯ, ಬಸ್ಸಿನ ಧೂಳು ಹುಬ್ಬಿನವರೆಗೂ ಕೂತಿತ್ತು. ಒಂದು ಹೆಂಚಿನ ಚೂರು ಎತ್ತಿಕೊಂಡು ಜಗಲಿ ಕಲ್ಲಿನ ಮೇಲೆ ಬಾವಿ, ಅದರೊಳಗೆ ಕವುಚಿದ ಕಬ್ಬಿಣದ ಡ್ರಮ್ಮು, ಡ್ರಮ್ಮಿನ ನೆತ್ತಿಯಿಂದ ಅಡುಗೆಮನೆಗೆ ಪೈಪು, ಎಲ್ಲಾ ಬರೆದರು. "ಪುಕ್ಕಟೆ ಅನ್ನೋದು ಯಾವ್ದೂ ಇಲ್ಲ ಯಜಮಾನ್ರೇ. ನೀವು ಉರಿಸೋ ಚಿಪ್ಪನ್ನ ಇದ್ದಿಲು ಸುಡೋರು ಕೊಂಡ್ಕೋತಾರೆ. ಮಟ್ಟೆನ ನಾರಿನ ಫ್ಯಾಕ್ಟ್ರಿಯೋರು ಲಾರಿ ತಂದು ಹೊತ್ಕೊಂಡು ಹೋಗ್ತಾರೆ. ನೀವು ದಿನಾ ದುಡ್ಡನ್ನೇ ಒಲೆಗೆ ಇಡ್ತಿದೀರ."

ಮಾವ ಇದನ್ನು ಒಪ್ಪಲಿಲ್ಲ, ಆದರೆ ಕಲ್ಲಿನ ಮೇಲಿನ ಚಿತ್ರವನ್ನು ಬಗ್ಗಿ ನೋಡಿದರು. ಆಮೇಲೆ, "ಸಗಣಿಯಿಂದ ಗ್ಯಾಸು ಎಳಕೊಂಡ್ರೆ ಅದರ ಸತ್ವ ಹೋಗಲ್ವಾ? ತೋಟಕ್ಕೆ ಬರೀ ಚರಟ ಹಾಕ್ಲಾ?" ಅಂದರು.

"ಗ್ಯಾಸು ಹೋಗ್ತದೆ, ಸತ್ವ ಉಳೀತದೆ. ಆಚೆ ಬರೋ ಬಗ್ಗಡನ ಒಂದು ವರ್ಷ ಮರದ ಬುಡಕ್ಕೆ ಹಾಕಿ ನೋಡಿ, ಆಮೇಲೆ ನನ್ನ ಬೈರಿ."

ಎದುರು ಮನೆಯ ಸಿದ್ದಗಂಗಯ್ಯ ಮೇಷ್ಟ್ರು ಇದನ್ನೆಲ್ಲ ಕೇಳುತ್ತಾ ನಗುತ್ತಿದ್ದರು. ರಿಟೈರಾದ ಹೆಡ್ ಮಾಸ್ತರು, ಹೊಸದು ಅಂದರೆ ಜೀವ ಬಿಡುವ ಜನ. "ಸಗಣಿ ಕಾಲ ಮುಗೀತು ಕಣ್ರೀ ಪರಮಶಿವಯ್ಯ. ಮುಂದೆ ಕರೆಂಟು, ಇಲ್ಲಾಂದ್ರೆ ಬಿಸಿಲು. ಬಿಸಿಲಿಗೆ ಸಾಲನೂ ಬೇಡ, ಗುಂಡಿನೂ ಬೇಡ."

"ಕರೆಂಟು ನಿನ್ನೆ ಹೋಗಿದ್ದು ಇನ್ನೂ ಬಂದಿಲ್ಲ ಮೇಷ್ಟ್ರೇ," ಅಂದರು ನಮ್ಮವರು.

"ಅದಕ್ಕೇ ಬಿಸಿಲು ಅಂದಿದ್ದು!"

ಬಿಸಿಲಿನ ಕಥೆ ಊರಿಗೇ ಗೊತ್ತಿತ್ತು. ಮೇಷ್ಟ್ರು ತುಮಕೂರಿನ ವಸ್ತುಪ್ರದರ್ಶನದಿಂದ ಸೂರ್ಯನ ಕುಕ್ಕರ್ ತಂದಿದ್ದರು. ಒಂದು ಪೆಟ್ಟಿಗೆ, ಅದರ ಮುಚ್ಚಳದಲ್ಲಿ ಕನ್ನಡಿ. ಅನ್ನ ಬೇಯುತ್ತಿದ್ದುದೇನೋ ನಿಜ. ಆದರೆ ಒಂದು ಕಾಗೆ ಕನ್ನಡಿಯೊಳಗಿನ ಕಾಗೆಯನ್ನು ಕಂಡು ದಿನಾ ಜಗಳಕ್ಕೆ ಬರುತ್ತಿತ್ತು. ಅಕ್ಕಿ ಇಟ್ಟು ಮೇಷ್ಟ್ರು ಕೋಲು ಹಿಡಿದು ಕಾಯಬೇಕು. ಸಂಜೆಯ ಅಡುಗೆಗೆ ಸೂರ್ಯನೂ ಇಲ್ಲ, ಕಾಗೆಯೂ ಇಲ್ಲ, ಮೇಷ್ಟ್ರ ಹೆಂಡತಿ ಮಾತ್ರ ಮಾಮೂಲಿ ಒಲೆಯ ಮುಂದೆ. ಮಾವ ಇದನ್ನು ನೆನೆಸಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರಿಗೆ ಸಿಟ್ಟು ಬಂತು. "ನಗ್ರೀ ನಗ್ರೀ. ಭೂಮಿಯೊಳಗಿನ ಎಣ್ಣೆ ಮುಗಿದ ದಿನ ಎಲ್ರೂ ನನ್ ಪೆಟ್ಟಿಗೆ ಮುಂದೆ ಬಂದು ನಿಂತ್ಕೋಬೇಕು," ಎಂದು ಮುಖ ತಿರುಗಿಸಿದರು.

ಅಷ್ಟರಲ್ಲಿ ಅತ್ತೆ ಅಡಕೆ ಕತ್ತರಿ ಕೆಳಗಿಟ್ಟು ಒಳಗಿನಿಂದಲೇ ಕೇಳಿದರು. "ಅದೆಲ್ಲಾ ಇರ್ಲಿ. ಶಿವಪೂಜೆಗೆ ಎಡೆ? ಅದನ್ನೂ ಸಗಣಿ ಬೆಂಕೀಲೇ ಬೇಯಿಸೋದಾ?"

ಅಂಜನಮೂರ್ತಿಗಳು ಕೈಯಲ್ಲಿದ್ದ ಹೆಂಚಿನ ಚೂರನ್ನು ಕೆಳಗಿಟ್ಟರು. ಆದರೆ ನಮ್ಮ ಮಾವನ ಸ್ವಭಾವ ವಿಚಿತ್ರ, ವಾದ ಅಂದರೆ ಯಾರ ಪರ ಆಡುತ್ತಿದ್ದೇನೆ ಅನ್ನುವುದೂ ಮರೆತುಹೋಗುತ್ತದೆ. ಅವರು ಹಣೆಯ ವಿಭೂತಿ ಮುಟ್ಟಿಕೊಂಡು, "ಇದ್ಯಾತರದ್ದೇ? ಇದೂ ಸಗಣಿ ಸುಟ್ಟೇ ಬಂದಿದ್ದಲ್ವಾ? ಹಣೆಗೆ ಆಗೋದು ಎಡೆಗೆ ಯಾಕಾಗಲ್ಲ?" ಅಂದುಬಿಟ್ಟರು. ಅಂದ ಮೇಲೆ ತಾವೇ ಸೋತದ್ದು ಅವರಿಗೆ ಹೊಳೆಯಿತು. ಮೀಸೆ ಸವರಿಕೊಂಡು ತೋಟದ ಕಡೆ ನೋಡತೊಡಗಿದರು.

ಸೌದೆ, ಗೊಬ್ಬರ, ಸಾಲ, ಸೂರ್ಯ, ಶಿವ, ಎಲ್ಲರ ವಿಚಾರವೂ ಬಂತು. ನನ್ನ ಎದೆಯ ವಿಚಾರ ಒಬ್ಬರೂ ಎತ್ತಲಿಲ್ಲ. ನಾನು ಒಳಗೆ ಕೂತು ಹಲ್ಲು ಕಚ್ಚಿಕೊಂಡಿದ್ದೆ. ಕಡೆಗೆ ನಮ್ಮವರು, ಅಪ್ಪನ ಮುಂದೆ ದನಿ ಎತ್ತದ ಮನುಷ್ಯ, ಎದ್ದು ನಿಂತರು. "ಅಪ್ಪಾಜಿ, ಲೆಕ್ಕ ಎಲ್ಲಾ ಆಯ್ತಲ್ಲ. ನಂದೊಂದು ಅದೆ. ಗ್ಯಾಸು ಬಂದ್ರೆ ಗಂಗಾ ಈ ಮನೇಲಿ ಇರ್ತಾಳೆ. ಬರದಿದ್ರೆ ಇರಲ್ಲ. ನಾನು ಇನ್ನೂ ಎಷ್ಟು ಸಲ ಅಂತ ಕುಣಿಗಲ್ ಬಸ್ಸು ಹತ್ತಲಿ?"

ಮಾವ ಮಗನನ್ನೇ ನೋಡಿದರು. "ಕಟ್ಸು," ಅಂದರು. ಆ ಒಂದು ಮಾತಿಗೆ ನನ್ನ ಹೊಟ್ಟೆ ತಣ್ಣಗಾಯಿತು.

ಬೇಸಿಗೆಯ ಕೊನೆಗೆ ಗುಂಡಿ ಆಯಿತು, ಡ್ರಮ್ಮು ಕೂತಿತು. ಹೊಸ ಕಾಯಿಗಳನ್ನು ಅಟ್ಟಕ್ಕೆ ಏರಿಸಿದ ಹೊಸತರಲ್ಲೇ ಗ್ಯಾಸೂ ಬಂತು, ಕುಣಿಗಲ್ಲಿನಿಂದ ನಾನೂ ಬಂದೆ. ಮೊದಲ ದಿನ ಅಂಜನಮೂರ್ತಿಗಳೇ ಕಡ್ಡಿ ಗೀರಿದರು. ಫುಸ್ ಅಂತ ಒಂದು ಸದ್ದು. ಆಮೇಲೆ ಬಳೆಯ ಹಾಗೆ ಸುತ್ತಲೂ ಒಂದು ನೀಲಿ ಬೆಂಕಿ, ಹಗಲು ಬೆಳಕಿನಲ್ಲಿ ಅರ್ಧ ಕಂಡೂ ಕಾಣದ ಹಾಗೆ. ನಾನು ಮೂಗು ಮುಂದೆ ಮಾಡಿ ಉಸಿರೆಳೆದೆ. ಏನೂ ಇಲ್ಲ. ಮತ್ತೆ ಎಳೆದೆ. ಏನೂ ಇಲ್ಲವಲ್ಲಪ್ಪಾ! ನಗುವೋ ಅಳುವೋ, ಎರಡೂ ಒಟ್ಟಿಗೇ ಬಂದವು. "ಹುಚ್ಚಿ ಕಣೇ ನೀನು," ಎಂದು ಅತ್ತೆ ಗದರಿದರು. ಹಾಲು ಉಕ್ಕುವವರೆಗೂ ಅವರೂ ಆ ಬೆಂಕಿಯಿಂದ ಕಣ್ಣು ತೆಗೆಯಲಿಲ್ಲ.

ಆ ಮಳೆಗಾಲದಂಥ ಕಾಲ ನನ್ನ ಬದುಕಿನಲ್ಲಿ ಮತ್ತೆ ಬಂದಿಲ್ಲ. ಬೆಳಿಗ್ಗೆ ಸಗಣಿ ಕಲಸಿ ಗುಂಡಿಗೆ ಬಿಟ್ಟು, ಕೈ ತೊಳೆದು ಹಿತ್ತಿಲ ಕಲ್ಲಿನ ಮೇಲೆ ಕೂರುತ್ತಿದ್ದೆ. ಬಿಸಿಲೇರಿದ ಹಾಗೆ ಡ್ರಮ್ಮು ಮೆಲ್ಲಗೆ, ಕಣ್ಣಿಗೆ ಕಾಣದ ಹಾಗೆ, ಮೇಲೇರುತ್ತಿತ್ತು. ನಾವು ಅಡುಗೆ ಮಾಡಿದಷ್ಟೂ ಇಳಿಯುತ್ತಿತ್ತು. ಮಲಗಿದ ಎಮ್ಮೆಯ ಹೊಟ್ಟೆ ಏರಿ ಇಳಿಯುವುದನ್ನು ನೋಡಿದ್ದೀರಲ್ಲ, ಹಾಗೆ. ಅದರ ಜೊತೆಗೆ ನಾನೂ ಉಸಿರಾಡುತ್ತಿದ್ದೆ. ಏರುವಾಗ ಒಳಕ್ಕೆ, ಇಳಿಯುವಾಗ ಹೊರಕ್ಕೆ. ಗಾಳಿ ಅನ್ನುವುದು ಇಷ್ಟು ರುಚಿಯ ಪದಾರ್ಥ ಅಂತ ಗೊತ್ತಿರಲಿಲ್ಲ. ಅದಕ್ಕೆ ಹಸಿ ಮಣ್ಣಿನ ರುಚಿ, ಬೂದುಗುಂಬಳದ ಹೂವಿನ ರುಚಿ, ದೂರದಲ್ಲಿ ಯಾರೋ ಹುರಿಯುತ್ತಿದ್ದ ಹುರುಳಿಯ ರುಚಿ.

ಅಡುಗೆಮನೆಗೆ ಸುಣ್ಣ ಬಳಿಸಿದೆವು. ಮಾವನ ಅಜ್ಜನ ಕಾಲದಿಂದ ಕಪ್ಪಗಿದ್ದ ಗೋಡೆ ಬೆಳ್ಳಗಾದಾಗ ಕೋಣೆ ಇಮ್ಮಡಿಯಾದಂತೆ ಕಂಡಿತು. ಅತ್ತೆ "ಪಾತ್ರೆ ತಿಕ್ಕಕ್ಕೆ ಬೂದಿನೇ ಇಲ್ಲ ಈ ಮನೇಲಿ" ಅಂತ ಗೊಣಗಿದರು. ಬೆಳಿಗ್ಗೆ ಕೆಂಡ ಕೇಳಲು ಬರುತ್ತಿದ್ದ ಪಕ್ಕದ ಮನೆಯವರು ಬಂದು, ತಣ್ಣಗಿದ್ದ ಒಲೆ ನೋಡಿ, ನಗುತ್ತಾ ಹೋದರು. ಊಟ ಮುಗಿದ ಮೇಲೆ ನಾನೂ ಅತ್ತೆಯೂ ಅಡುಗೆಮನೆಯ ನೆಲದ ಮೇಲೇ ಚಾಪೆ ಹಾಸಿ ಮಲಗುತ್ತಿದ್ದೆವು. ಅಡುಗೆಮನೆಯಲ್ಲಿ ಮಲಗುವುದು! ಮೊದಲಾಗಿದ್ದರೆ ಅಲ್ಲಿ ಅರೆಗಳಿಗೆ ಕಣ್ಣು ಬಿಡಲು ಆಗುತ್ತಿರಲಿಲ್ಲ. ಹಾಗೆ ಮಲಗಿದ್ದ ಒಂದು ಮಧ್ಯಾಹ್ನ ನನಗೆ ಏನೋ ಕಡಿಮೆಯಾದಂತೆ ಅನಿಸಿತು. ಏನು, ಏನು ಎಂದು ಎಷ್ಟೋ ಹೊತ್ತು ಕಿವಿಗೊಟ್ಟೆ. ಅತ್ತೆ ಕೆಮ್ಮುತ್ತಿರಲಿಲ್ಲ. ಯಾವತ್ತಿನಿಂದ ನಿಂತಿತ್ತೋ ಯಾರಿಗೆ ಗೊತ್ತು? ಅವರಿಗೇ ಗೊತ್ತಿರಲಿಲ್ಲ. "ಅತ್ತೆ, ನಿಮ್ಮ ಕೆಮ್ಮು ಎಲ್ಲಿ ಹೋಯ್ತು?" ಅಂದರೆ, "ಯಾವ ಕೆಮ್ಮೇ?" ಎಂದು ಮಗ್ಗುಲು ತಿರುಗಿದರು.

ದೀಪಾವಳಿಗೆ ಮುಂಚೆ ಅದೇ ಚಾಪೆಯ ಮೇಲೆ ಅರೆನಿದ್ದೆಯಲ್ಲಿ ಮೇಲೆ ನೋಡಿದೆ. ನಮ್ಮ ಕಡೆ ಅಡುಗೆಮನೆಯ ಮೇಲೇ ಅಟ್ಟ, ಬಿದಿರಿನ ದಬ್ಬೆಗಳನ್ನು ಸಂದು ಬಿಟ್ಟು ಹಾಸಿದ ಅಟ್ಟ. ಸುಲಿಯದ ಕಾಯಿಗಳನ್ನು ಅದರ ಮೇಲೆ ಹರಡಿದರೆ ಸುಮಾರು ಒಂದು ವರ್ಷಕ್ಕೆ ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನಬೇಕು. ಆ ಉಂಡೆ ಕೊಬ್ಬರಿಯೇ ಮನೆಯ ಇಡೀ ವರ್ಷದ ಅನ್ನ, ಮಾವನ ಮರ್ಯಾದೆಯೂ ಅದೇ. ಆ ದಬ್ಬೆಗಳ ಸಂದಿನಲ್ಲಿ ಒಂದು ಹಸಿರು ಎಲೆ ಕಂಡಿತು. ಹೆಂಚಿನ ನಡುವಿನ ಗಾಜಿನಿಂದ ಇಳಿದ ಬಿಸಿಲಿನ ಕೋಲಿನಲ್ಲಿ ಅದು ಮಿನುಗುತ್ತಿತ್ತು. ಕನಸು ಅಂದುಕೊಂಡೆ. ನನ್ನ ತಲೆಯ ಮೇಲೆ ಒಂದು ತೋಟ ಬೆಳೆಯುತ್ತಿದೆ, ಪುಟ್ಟ ಪುಟ್ಟ ಗರಿಗಳು ಗಾಳಿಯಿಲ್ಲದೆಯೂ ತೂಗುತ್ತಿವೆ, ನಾನು ಅದರ ನೆರಳಲ್ಲಿ ಮಲಗಿದ್ದೇನೆ. ಎಷ್ಟು ಸುಖವಾಗಿತ್ತು ಅಂದರೆ ಏಳಲು ಮನಸ್ಸೇ ಬರಲಿಲ್ಲ. ಆಮೇಲೆ ಕೆನ್ನೆಯ ಮೇಲೆ ಒಂದು ಹನಿ ಬಿತ್ತು. ಒರೆಸಿ ಮೂಸಿದೆ. ಹುಳಿ ನಾತ.

ಏಣಿ ಹತ್ತಿದ ನಮ್ಮವರು ಬಹಳ ಹೊತ್ತು ಕೆಳಗಿಳಿಯಲಿಲ್ಲ. ಮೇಲಿನಿಂದ ಒಂದೊಂದೇ ಕಾಯಿ ಕೈಗೆ ಕೊಟ್ಟರು. ಒಂದು ಮೊಳಕೆ ಒಡೆದು ಎರಡೆಲೆ ಬಿಟ್ಟಿತ್ತು. ಇನ್ನೊಂದು ಹಿಸುಕಿದರೆ ಬೂಸಲು ಹಿಡಿದ ಮಟ್ಟೆಯಿಂದ ನೀರು ಸುರಿಯಿತು. ಮಾವ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಇನ್ನೊಂದು. ಮತ್ತೊಂದು. ಇಷ್ಟು ತಿಂಗಳಿಗೆ ಅರ್ಧವಾದರೂ ಆರಿರಬೇಕಿದ್ದ ನೀರು ಯಾವುದರಲ್ಲೂ ಇಳಿದಿರಲಿಲ್ಲ.

"ಹೊಗೆ," ಅಂದರು ಅವರು ಕಡೆಗೆ. "ಅಯ್ಯೋ ಶಿವನೇ, ಹೊಗೆ ಇಲ್ಲದೆ ಕಾಯಿ ಒಣಗ್ಲೇ ಇಲ್ವಲ್ಲೋ."

ಅಲ್ಲ ರೀ, ಇಡೀ ಜಗಲಿ ವಾದ ಮಾಡಿತ್ತು! ಚಿಪ್ಪಿನ ಬೆಲೆ ಬಂತು, ಮಟ್ಟೆಯ ಬೆಲೆ ಬಂತು, ಸೂರ್ಯಚಂದ್ರರು ಬಂದರು. ನಮ್ಮ ಒಲೆಯ ಹೊಗೆಯೂ ಕಾವೂ ವರ್ಷವಿಡೀ ಮೇಲೆ ಹೋಗಿ ಅಟ್ಟದ ಕಾಯಿಯನ್ನು ಒಣಗಿಸುತ್ತಿತ್ತು ಅನ್ನುವುದು ಕೊಬ್ಬರಿ ತಿಂದೇ ಹುಟ್ಟಿ ಬೆಳೆದ ಒಬ್ಬರಿಗೂ ನೆನಪಾಗಲಿಲ್ಲ. ಮಾವನಿಗಿಲ್ಲ, ಅತ್ತೆಗಿಲ್ಲ, ಮೇಷ್ಟ್ರಿಗಿಲ್ಲ, ನನಗೂ ಇಲ್ಲ. ಹೊಗೆ ಅಂದರೆ ಪೀಡೆ, ಅದು ತೊಲಗಬೇಕು, ಅಷ್ಟೇ ಗೊತ್ತಿದ್ದುದು.

ಮಾರನೆಯ ದಿನ ಗುಬ್ಬಿಯಿಂದ ಅಂಜನಮೂರ್ತಿಗಳನ್ನು ಕರೆಸಿದರು. ಅದೇ ಜಗಲಿ, ಅದೇ ಜನ. ಈ ಸಲ ನಗು ಮಾತ್ರ ಇರಲಿಲ್ಲ. ಅಂಜನಮೂರ್ತಿಗಳು ಕೊಳೆತ ಕಾಯಿಯನ್ನು ಕೈಯಲ್ಲಿ ತಿರುಗಿಸಿ, "ನಾನು ಗುಬ್ಬಿ ಪೇಟೇಲಿ ಹುಟ್ಟಿದೋನು ಯಜಮಾನ್ರೇ, ನಮ್ಮನೇಲಿ ಅಟ್ಟನೇ ಇಲ್ಲ. ಇದು ನಂಗೆ ಹೊಳೀಲೇ ಇಲ್ಲ," ಎಂದು ತಲೆ ತಗ್ಗಿಸಿದರು. ಮೇಷ್ಟ್ರು, ಕಾಯಿ ಒಡೆದು ಬಿಸಿಲಿಗೆ ಹಾಕಿ, ಸೂರ್ಯ ಇದಾನಲ್ಲ ಅಂದರು. ಹೋಳು ಮಾಡಿದರೆ ಅದು ಎಣ್ಣೆ ಗಾಣಕ್ಕೆ ಹೋಗುವ ಕೊಬ್ಬರಿ, ನಮ್ಮ ಮನೆಯಿಂದ ಯಾವತ್ತೂ ಹೋಳು ಹೋಗಿಲ್ಲ ಅಂದರು ಮಾವ. ಅಟ್ಟಕ್ಕೆ ಕರೆಂಟಿನ ಹೀಟರ್ ಇಡೋಣ ಅಂದರು ಮೇಷ್ಟ್ರು. ಮಾವ ಅವರನ್ನು ನೋಡಿದ ನೋಟಕ್ಕೆ ಮೇಷ್ಟ್ರ ಬಾಯಿಗೆ ಬೀಗ ಬಿತ್ತು.

"ಇನ್ನೇನಿಲ್ಲ," ಅಂದರು ಮಾವ. "ಉಳಿದಿರೋ ಕಾಯಿನಾದ್ರೂ ಉಳಿಸ್ಕಬೇಕು. ನಾಳೆಯಿಂದ ಒಲೆ ಉರೀಲಿ."

ಒಲೆ ಉರಿದರೆ ನಾನು ಈ ಮನೆಯಲ್ಲಿ ಇಲ್ಲ. ನಮ್ಮವರು ಬಾಯಿ ತೆರೆಯುವ ಮುಂಚೆ ಅಂಜನಮೂರ್ತಿಗಳು ಹೇಳಿದರು: "ಒಂದು ದಾರಿ ಅದೆ. ಗ್ಯಾಸಲ್ಲೇ ಅಡುಗೆ ಮಾಡ್ಕಳಿ. ಊಟ ಆದ್ಮೇಲೆ ಆಚೆ ಇರೋ ವಾಲ್ವ್ ಮುಚ್ಚಿ, ಒಲೆಗೆ ಒಂದಷ್ಟು ಮಟ್ಟೆ ಹಾಕಿ ಹೊಗೆ ಎಬ್ಸಿ, ಬಾಗ್ಲು ಎಳ್ಕೊಂಡು ಎಲ್ರೂ ಆಚೆ ಬಂದ್ಬುಡಿ. ಹೊಗೆ ಅದರ ಪಾಡಿಗೆ ಅದು ಅಟ್ಟಕ್ಕೆ ಹೋಗ್ತದೆ. ಯಾರೂ ಒಳಗಿರೋದೇ ಬೇಡ."

ಎಷ್ಟು ಸುಲಭ! ಆದರೆ ಮಾವನ ಮುಖ ಗಂಟಾಯಿತು. ಅವರ ಮನೆತನದಲ್ಲಿ ಬರೀ ಒಲೆ ಉರಿಸುವಂತಿಲ್ಲ. ಬೆಂಕಿ ಹಚ್ಚಿದರೆ ಮೇಲೆ ಪಾತ್ರೆ ಇರಬೇಕು, ಮುಂದೆ ಮನೆಯ ಹೆಂಗಸು ಇರಬೇಕು. ಪಾತ್ರೆಯಿಲ್ಲದ ಒಲೆ ಉರಿದ ಮನೆಯಲ್ಲಿ ಉಣ್ಣುವವರು ಕಡಿಮೆಯಾಗುತ್ತಾರೆ ಅನ್ನುವುದು ಅವರ ಅಜ್ಜಿ ಹೇಳಿದ ಮಾತಂತೆ. "ಅದೊಂದು ಆಗಕಿಲ್ಲ," ಅಂದರು.

"ನೀರಿಡಿ," ಅಂದರು ಅಂಜನಮೂರ್ತಿ.

"ಮಡಕೇಲಿ ನೀರಿಟ್ರೆ ಆರಿ ಹೋಗ್ತದೆ, ಆರಿದ್ರೆ ಒಡೀತದೆ, ಹುಯ್ಯಕ್ಕೆ ಒಬ್ರು ಬೇಕು ತಾನೆ?"

ಆಗ ನನ್ನ ಪಕ್ಕದಿಂದ ಅತ್ತೆ, ತರಕಾರಿ ತರಲು ಹೊರಟವರ ಹಾಗೆ ತಣ್ಣಗೆ, "ನಾನ್ ಕೂತ್ಕತೀನಿ ಬುಡಿ. ಗಂಗಾ ಆಚೆ ಇರ್ಲಿ," ಅಂದರು.

"ಹಂಗೇ ಮಾಡು," ಅಂದರು ಮಾವ. ಅಂಜನಮೂರ್ತಿಗಳು ನಿಟ್ಟುಸಿರು ಬಿಟ್ಟರು, ಮೇಷ್ಟ್ರು ತಲೆಯಾಡಿಸಿದರು. ಸಮಸ್ಯೆ ಬಗೆಹರಿಯಿತು! ನನಗೆ ಮಾತ್ರ ಆ ಜಗಲಿಯನ್ನೇ ಬುಡಮೇಲು ಮಾಡುವಷ್ಟು ಸಿಟ್ಟು ಬಂತು. ಒಬ್ಬರ ಉಸಿರು ಉಳಿಸಲು ಇನ್ನೊಬ್ಬರ ಉಸಿರು. ಅದೂ ಈಗ ತಾನೆ ಕೆಮ್ಮು ಬಿಟ್ಟ ಮುದುಕಿಯದು. ಅದು ಅವರಿಗೆ ಖರ್ಚು ಅಂತಲೇ ಅನಿಸಲಿಲ್ಲವಲ್ಲ.

ಒಳಗೆ ಹೋಗಿ ಟ್ರಂಕು ತೆಗೆದು ಸೀರೆ ತುಂಬತೊಡಗಿದೆ. ಯಜಮಾನರು ಬಂದು ಬಾಗಿಲಲ್ಲಿ ನಿಂತರು. "ಹೋಗ್ಬೇಡ ಕಣೇ."

"ಅತ್ತೆ ಹೊಗೆ ಕುಡೀಲಿ, ನಾನು ಗಾಳಿ ಕುಡೀಲಿ, ಅಂತೀರಾ? ನನಗೆ ಆ ಗಾಳಿ ಇಳಿಯಲ್ಲ ರೀ. ನಾನು ಹೋದ್ರೆ ನಿಮ್ಮ ಅಪ್ಪಾಜಿ ಗ್ಯಾಸೂ ಬೇಡ, ಏನೂ ಬೇಡ ಅಂತ ಮೊದಲಿನ ಹಾಗೇ ಇರಲಿ." ಹೇಳುತ್ತಾ ಹೇಳುತ್ತಾ ನನಗೇ ಗೊತ್ತಾಯಿತು, ನಾನು ಹೋದರೂ ಒಲೆಯ ಮುಂದೆ ಕೂರುವವರು ಅತ್ತೆಯೇ. ದಾರಿ ಯಾವ ಕಡೆಯಿಂದ ಹೊರಟರೂ ಆ ಒಲೆಯ ಮುಂದಕ್ಕೇ ಬಂದು ನಿಲ್ಲುತ್ತಿತ್ತು. ಟ್ರಂಕಿನ ಮೇಲೆ ತಲೆಯಿಟ್ಟು ಜೋರಾಗಿ ಅತ್ತುಬಿಟ್ಟೆ.

ಮಾರನೆಯ ಮಧ್ಯಾಹ್ನ ಎಲ್ಲರ ಊಟವಾಯಿತು. ಮಾವ ತೋಟಕ್ಕೆ ಹೋದರು. ಯಜಮಾನರು ಟ್ರಂಕನ್ನು ಹಿತ್ತಿಲಿಗೆ ಹೊತ್ತು ತಂದಿದ್ದರು. ಬಸ್ ಸ್ಟ್ಯಾಂಡಿಗೆ ಹಿಂದಿನ ದಾರಿ ಹತ್ತಿರ. ನಾನು ಹೇಳಿ ಹೋಗಲು ಅಡುಗೆಮನೆಯ ಬಾಗಿಲಿಗೆ ಬಂದೆ. ಅತ್ತೆ ಆಗಲೇ ಒಲೆಗೆ ಮಟ್ಟೆ ಪೇರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಿದ್ದರು. ಪಕ್ಕದಲ್ಲಿ ನೀರು ತುಂಬಿದ ಮಡಕೆ. ಕಡ್ಡಿ ಗೀರಿದರು. ಮಟ್ಟೆ ಮೊದಲು ಕೆಂಪಗೆ ಕಣ್ಣು ಬಿಟ್ಟು ಆಮೇಲೆ ಹೊಗೆ ಬಿಟ್ಟಿತು. ಅತ್ತೆ ಮಡಕೆಯನ್ನು ಎರಡೂ ಕೈಯಲ್ಲಿ ಎತ್ತಿದರು. ಅಷ್ಟರಲ್ಲಿ ಕೆಮ್ಮು ಬಂತು. ಇಷ್ಟು ತಿಂಗಳು ಎಲ್ಲಿ ಅಡಗಿತ್ತೋ, ಅವರನ್ನು ನೆಲಕ್ಕೇ ಬಗ್ಗಿಸಿತು. ಮಡಕೆಯ ನೀರು ತುಳುಕಿ ಕಾಲ ಮೇಲೆ ಬಿತ್ತು.

"ಅತ್ತೆ, ಬೇಡ. ಬನ್ನಿ," ಅಂದೆ.

ಅವರು ಕಣ್ಣೊರೆಸಿಕೊಂಡು ಸುತ್ತ ನೋಡಿದರು. ಬೆಳ್ಳಗಿದ್ದ ಗೋಡೆ, ಅದರ ಮೇಲೆ ಹತ್ತುತ್ತಿದ್ದ ಹೊಗೆಯ ನೆರಳು, ಬಾಗಿಲಲ್ಲಿ ಮೂಗಿಗೆ ಸೆರಗು ಹಿಡಿದು ನಿಂತ ನಾನು. ಕೆಮ್ಮನ್ನು ಆಗಷ್ಟೇ ಮೊದಲ ಸಲ ಕಂಡವರ ಹಾಗೆ ಎದೆಯ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಎದ್ದರು. ಮಡಕೆಯನ್ನು ಒಲೆಯ ಮೇಲಿಡಲಿಲ್ಲ. ಸೊಂಟದ ಮೇಲೆ ಇಟ್ಟುಕೊಂಡು ಹೊರಗೆ ಬಂದು, ನುಗ್ಗೆ ಗಿಡದ ಬುಡಕ್ಕೆ ಆ ನೀರನ್ನು ಸುರಿದರು. ಬಂದು ಅಡುಗೆಮನೆಯ ಬಾಗಿಲು ಎಳೆದು ಚಿಲಕ ಹಾಕಿದರು.

"ಬಾರೇ, ಕೂತ್ಕಳನ," ಎಂದು ನನ್ನ ಕೈ ಹಿಡಿದು ಹಿತ್ತಿಲ ಕಲ್ಲಿನ ಮೇಲೆ ಕೂರಿಸಿಕೊಂಡರು. ಯಜಮಾನರು ಏನು ಮಾಡಬೇಕೋ ತಿಳಿಯದೆ ಟ್ರಂಕ್ ಮೇಲೇ ಕೂತರು.

ಮೊದಲು ಏನೂ ಕಾಣಲಿಲ್ಲ. ಆಮೇಲೆ ಹೆಂಚಿನ ಒಂದು ಸಂದಿನಿಂದ ಎಳೆ ಎಳೆಯಾಗಿ ಬಂತು. ಇನ್ನೊಂದು ಸಂದಿನಿಂದ. ಸೂರಿನ ಕೆಳಗಿಂದ, ಕಿಟಕಿಯ ಬಿರುಕಿನಿಂದ, ಗೋಡೆಯ ತಲೆಯಿಂದ. ಇಡೀ ಸೂರು ಹೊಗೆ ಉಗುಳತೊಡಗಿತು. ಗಾಳಿ ಬಿದ್ದುಹೋಗಿತ್ತು, ಹೊಗೆ ನೆಟ್ಟಗೆ ಏರಿ ತೋಟದ ಮರಗಳ ತಲೆಯ ಮಟ್ಟಕ್ಕೆ ಹೋಗಿ ಅಲ್ಲೇ ನಿಂತಿತು. ಅತ್ತೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ತೋಟದಿಂದ ಮಾವ ಒಂದು ಗರಿ ಎಳೆದುಕೊಂಡು ಬಂದರು. ನಮ್ಮನ್ನು ನೋಡಿ, ಮುಚ್ಚಿದ ಬಾಗಿಲನ್ನು ನೋಡಿ ನಿಂತುಬಿಟ್ಟರು.

"ಒಳಗ್ಯಾರವ್ರೇ?"

"ಯಾರೂ ಇಲ್ಲ," ಅಂದರು ಅತ್ತೆ.

"ಒಲೆ ಮೇಲೆ ಏನಿಟ್ಟಿದೀಯ?"

"ಏನೂ ಇಟ್ಟಿಲ್ಲ."

ಮಾವನ ಮುಖ ಕೆಂಪಗಾಯಿತು. ಬಾಯಿ ತೆರೆದರು. ಅತ್ತೆ ಕೈ ಎತ್ತಿ ಸೂರಿನ ಕಡೆ ತೋರಿಸಿದರು. ಜಗಳದ ದನಿಯಲ್ಲ, ಎಲ್ಲೋ ದೂರದಿಂದ ಬಂದ ದನಿಯಲ್ಲಿ ಕೇಳಿದರು. "ಒಸಿ ಅಲ್ಲಿ ನೋಡ್ರೀ. ಇಷ್ಟೊಂದು ಹೊಗೇಲಾ ನಾನು ಕೂತಿದ್ದು? ಈ ಮನೆಗೆ ಬಂದಾಗ್ಲಿಂದ ಇದರೊಳಗೇ ಇದ್ನಾ?"

ಮಾವ ಗರಿಯನ್ನು ಹಿಡಿದೇ ನಿಂತಿದ್ದರು.

"ಒಳಗೆ ಕೂತಿದ್ದೋಳು, ನಂಗೆ ಗೊತ್ತಾಗ್ಲಿಲ್ಲ ಬುಡಿ. ನೀವು ದಿನಾ ಇದೇ ಹೊತ್ಗೆ ತೋಟದಿಂದ ಬರ್ತಿದ್ರಿ. ನಿಮಗೆ ಆಚೆಯಿಂದ ಕಾಣ್ತಿತ್ತಲ್ವಾ?"

ಗರಿ ಮಾವನ ಕೈಯಿಂದ ಜಾರಿ ಬಿತ್ತು. ಅವರು ಹೊಗೆಯನ್ನು ನೋಡಿದರು, ಅತ್ತೆಯನ್ನು ನೋಡಿದರು. ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಆಮೇಲೆ ಮೆಲ್ಲಗೆ ಬಂದು ಅತ್ತೆಯ ಪಕ್ಕದಲ್ಲಿ, ಅದೇ ಕಲ್ಲಿನ ಮೇಲೆ, ಸೂರಿನ ಕಡೆ ಮುಖ ಮಾಡಿ ಕೂತರು. ನಾನು ಸರಿದು ಅವರಿಗೆ ಜಾಗ ಮಾಡಿಕೊಟ್ಟೆ.